ರಾಬರ್ಟ್ ಫ್ರಿಪ್ ತನ್ನದೇ ಬ್ಯಾಂಡನ್ನು ಮತ್ತೆ ಮತ್ತೆ ನಿಲ್ಲಿಸಿದ್ದು ಸರಿಯೇ? ಹುಬ್ಬಳ್ಳಿ-ಧಾರವಾಡದ ಗಿಟಾರ್ ಮಂದಿ ಹೇಳಿ

ಉಣಕಲ್ ಗಿಟಾರ್
ಎಲ್ಲರಿಗೂ ನಮಸ್ಕಾರ್ರೀ. ನಾನು ಹುಬ್ಬಳ್ಳಿಯಲ್ಲಿ ಆರ್ಕೆಸ್ಟ್ರಾದವರ ಜೊತೆ ಗಿಟಾರ್ ನುಡಿಸುತ್ತೇನೆ. ಲಗ್ನ, ಗಣಪತಿ ಹಬ್ಬ, ಕಾಲೇಜ್ ಗ್ಯಾದರಿಂಗ್, ಇದರಲ್ಲೇ ಖರ್ಚು ನಡೆಯುತ್ತದೆ. ಇದರಾಚೆ ನಾವು ನಾಲ್ವರು ಸೇರಿ ಸ್ವಂತ ಟ್ಯೂನ್‌ಗಳಿಗಾಗಿ ಒಂದು ಬ್ಯಾಂಡ್ ಕಟ್ಟಿದ್ದೇವೆ. ಹಾಡಿಲ್ಲ, ಬರೀ ವಾದ್ಯ. ಈಗ ಅದರಲ್ಲಿ ಜಗಳ ಶುರುವಾಗಿದೆ. ಇಬ್ಬರು "ನಡುವೆ ನಾಲ್ಕು ಸಿನಿಮಾ ಹಾಡು ಹಾಕೋಣ, ಇಲ್ಲದಿದ್ರೆ ಯಾರೂ ಕರೆಯಲ್ಲ" ಎನ್ನುತ್ತಾರೆ. ನನಗೆ ಮನಸ್ಸಿಲ್ಲ.

ಇದೇ ಹೊತ್ತಿಗೆ ನಾನು ರಾಬರ್ಟ್ ಫ್ರಿಪ್ ಸಂಗೀತವನ್ನು ಬಿಡದೇ ಕೇಳುತ್ತಿದ್ದೇನೆ. ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ಬ್ಯಾಂಡಿನ ಗಿಟಾರಿಸ್ಟ್. ಆತ 1974ರಲ್ಲಿ 'ರೆಡ್' ಆಲ್ಬಮ್ ಮುಗಿಸಿದ. ಅದು ಅಂಗಡಿಗೆ ಬರುವ ಮೊದಲೇ ಬ್ಯಾಂಡ್ ಮುಗೀತು ಎಂದುಬಿಟ್ಟ. 1981ರಲ್ಲಿ ಬೇರೆ ಮಂದಿ ಕಟ್ಟಿಕೊಂಡು ಮತ್ತೆ ಶುರು ಮಾಡಿದ, 1984ಕ್ಕೆ ಅದನ್ನೂ ನಿಲ್ಲಿಸಿದ. ಇದು ಧೈರ್ಯವೋ ಹಟವೋ? ನಾನೂ ಈ ಬ್ಯಾಂಡ್ ನಿಲ್ಲಿಸಿ ಹೊಸದಾಗಿ ಶುರು ಮಾಡಬೇಕಾ, ಅಥವಾ ಸುಮ್ನೆ ಹೊಂದಿಕೊಂಡು ಹೋಗಬೇಕಾ? ಗೊತ್ತಿದ್ದವರು ಬಿಡಿಸಿ ಹೇಳಿ.

ನವನಗರ ಕೀಬೋರ್ಡ್
ಹೊಂದಿಕೊಂಡು ಹೋಗಿ. ಗಣಪತಿ ಹಬ್ಬದಲ್ಲಿ ಯಾರು ಹದಿನೈದು ನಿಮಿಷ ಬರೀ ಗಿಟಾರ್ ಕೇಳ್ತಾರೆ?

ಸಪ್ತಾಪುರ ಕ್ಯಾಸೆಟ್
ತಮ್ಮಾ, ನಿನ್ನ ಪ್ರಶ್ನೆ ಒಳ್ಳೆಯದು. ಆದರೆ ಕಥೆಯನ್ನು ನಡುವಿನಿಂದ ಹಿಡಿದಿದ್ದೀಯ. ಮೊದಲಿನಿಂದ ನೋಡು.

ಫ್ರಿಪ್ ಹುಟ್ಟಿದ್ದು 1946ರಲ್ಲಿ, ಡಾರ್ಸೆಟ್ ಜಿಲ್ಲೆಯ ವಿಂಬರ್ನ್ ಎಂಬ ಸಣ್ಣ ಊರಿನಲ್ಲಿ. ಅಪ್ಪನದು ಮನೆ-ಜಾಗ ಮಾರಿಸಿಕೊಡುವ ಆಫೀಸು. ಮಗನೂ ಅಲ್ಲಿ ಕೆಲಸ ಮಾಡಿದ್ದಾನೆ. ತನಗೆ ಸ್ವರಜ್ಞಾನವೂ ಇರಲಿಲ್ಲ, ಲಯಜ್ಞಾನವೂ ಇರಲಿಲ್ಲ ಎಂದು ಅವನೇ ಹೇಳಿಕೊಂಡಿದ್ದಾನೆ. ಮೇಲಾಗಿ ಎಡಚ, ಆದರೆ ಗಿಟಾರ್ ಹಿಡಿದದ್ದು ಬಲಗೈಯವರಂತೆ. ಈಗ ನಿನಗೆ ಬೇಕಾದ ಮಾತು ಕೇಳು. ಬೋರ್ನ್‌ಮತ್ ಊರಿನ ಮೆಜೆಸ್ಟಿಕ್ ಹೋಟೆಲಿನ ಡಾನ್ಸ್ ಆರ್ಕೆಸ್ಟ್ರಾದಲ್ಲಿ ಅವನು ಗಿಟಾರ್ ನುಡಿಸಿದ. ಆ ಜಾಗದಲ್ಲಿ ಅವನಿಗಿಂತ ಮೊದಲು ಇದ್ದವನು ಆ್ಯಂಡಿ ಸಮರ್ಸ್, ಮುಂದೆ 'ಪೊಲೀಸ್' ಬ್ಯಾಂಡಿನಲ್ಲಿ ಹೆಸರು ಮಾಡಿದವನು. ಅಂದರೆ ಲಗ್ನದ ಆರ್ಕೆಸ್ಟ್ರಾ ನಿನಗೊಬ್ಬನಿಗೇ ಬಂದದ್ದಲ್ಲ. ಊಟದ ಹೊತ್ತಿಗೆ ನುಡಿಸಿ ಸಂಪಾದಿಸುವುದು ಬೇರೆ, ತನ್ನ ಸಂಗೀತ ಬೇರೆ ಅಂತ ಅವನು ಆಗಲೇ ವಿಂಗಡಿಸಿಕೊಂಡಿದ್ದ. ನೀನೂ ಹಾಗೇ ಮಾಡು. ಎರಡನ್ನೂ ಒಂದೇ ವೇದಿಕೆಗೆ ಎಳೆಯಬೇಡ.

ಉಣಕಲ್ ಗಿಟಾರ್
ಅಣ್ಣಾ, ಹೋಟೆಲಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ನಮ್ಮ ಬ್ಯಾಂಡಿನ ಇಬ್ಬರಿಗೂ ಇದನ್ನು ಓದಿಸುತ್ತೇನೆ.

ಹಾವೇರಿ ಕೇಳುಗ
ನಾನು ಈ ಹೆಸರು ಕೇಳಿಲ್ಲ. ಎಲ್ಲಿಂದ ಶುರು ಮಾಡಬೇಕು? ಒಂದೇ ಒಂದು ಹೇಳಿ, ಪಟ್ಟಿ ಕೊಡಬೇಡಿ.

ರಾಣೆಬೆನ್ನೂರು ಡ್ರಮ್ಸ್
'ಸ್ಟಾರ್‌ಲೆಸ್' ಕೇಳಿ. 'ರೆಡ್' ಆಲ್ಬಮ್ಮಿನ ಕೊನೆಯದು, ಹನ್ನೆರಡು ನಿಮಿಷ. ಇಯರ್‌ಫೋನ್ ಹಾಕಿಕೊಂಡು, ಮೊಬೈಲ್ ಮಗುಚಿಟ್ಟು.

ಕೇಶ್ವಾಪುರ ವಯಲಿನ್
ನಾನೂ 'ಸ್ಟಾರ್‌ಲೆಸ್' ಎಂದೇ ಹೇಳ್ತೀನಿ. ಅದರ ನಡುವಿನ ಭಾಗ ಗಮನಿಸಿ. ಹಾಡು ನಿಲ್ಲುತ್ತದೆ. ಬಾಸ್ ಗಿಟಾರ್ ಮೆಲ್ಲಗೆ ಒಂದು ಸುತ್ತು ಹಾಕುತ್ತಾ ಇರುತ್ತದೆ. ಅದರ ಮೇಲೆ ಫ್ರಿಪ್ ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ. ಅದೇ ಸ್ವರವನ್ನು ಎರಡು ತಂತಿಗಳ ಮೇಲೆ ಬದಲಿಸಿ ಬದಲಿಸಿ ಮೀಟುತ್ತಾರೆ, ಹಾಗಾಗಿ ಬಣ್ಣ ಸ್ವಲ್ಪ ಬೇರೆ ಆಗುತ್ತಾ ಹೋಗುತ್ತದೆ. ಇನ್ನೇನು ಬದಲಾಗುತ್ತೆ ಅಂದುಕೊಳ್ಳುತ್ತೀರಿ, ಬದಲಾಗಲ್ಲ. ಆಮೇಲೆ ಒಂದೊಂದೇ ಮೆಟ್ಟಿಲು ಮೇಲೆ ಹೋಗುತ್ತಾರೆ. ಡ್ರಮ್ಸ್ ದಟ್ಟ ಆಗುತ್ತದೆ. ಕೊನೆಗೆ ಸ್ಯಾಕ್ಸೊಫೋನ್ ಬಂದು ಮೊದಲಿನ ರಾಗವನ್ನು ಕೂಗಿ ಹೇಳಿದಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ನಮ್ಮ ಕಡೆಯವರಿಗೆ ಇದು ಕಷ್ಟ ಆಗಬಾರದು. ಒಂದು ಗಾಂಧಾರದ ಮೇಲೆ ಎಷ್ಟೋ ಹೊತ್ತು ನಿಂತು ಬಢತ್ ಮಾಡುವುದನ್ನು, ಅಂದರೆ ರಾಗವನ್ನು ನಿಧಾನವಾಗಿ ಬೆಳೆಸುವುದನ್ನು, ಕೇಳಿ ಬೆಳೆದವರು ನಾವು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ ಎಲ್ಲರೂ ಕಿರಾಣಾ ಘರಾಣೆಯ ಆ ನಿಧಾನದವರೇ ಅಲ್ವಾ?

ಮಾಳಮಡ್ಡಿ ಸಿತಾರ್
ಅಕ್ಕಾ, ಗಂಗೂಬಾಯಿ ಮತ್ತು ಭೀಮಸೇನರು ಸರಿ, ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು. ಮನ್ಸೂರರು ಕಿರಾಣಾ ಅಲ್ಲ. ಮೊದಲು ನೀಲಕಂಠಬುವಾ ಮಿರಜಕರ ಹತ್ತಿರ ಗ್ವಾಲಿಯರ್, ಆಮೇಲೆ ಮಂಜೀಖಾನ್, ಬುರ್ಜೀಖಾನರ ಹತ್ತಿರ ಜೈಪುರ-ಅತ್ರೌಲಿ. ಅವರ ಗಾಯನ ಒಂದು ಸ್ವರದ ಮೇಲೆ ನಿಲ್ಲುವುದಕ್ಕಿಂತ ಲಯದ ಜೊತೆ ಹೆಣೆದುಕೊಂಡು ಓಡುತ್ತದೆ. ಹಾಗೆ ನೋಡಿದರೆ ಫ್ರಿಪ್‌ರ 1981ರ ಬ್ಯಾಂಡು ಮನ್ಸೂರರನ್ನು ಕೇಳಿದ ಕಿವಿಗೆ ಹತ್ತಿರ.

ಕೇಶ್ವಾಪುರ ವಯಲಿನ್
ಸರಿ, ಆದರೆ 'ಸ್ಟಾರ್‌ಲೆಸ್' ವಿಷಯದಲ್ಲಿ ನನ್ನ ಮಾತು ಬದಲಿಲ್ಲ.

ಗದಗ ತಬಲಾ
1981ರ ಬ್ಯಾಂಡಿನ ಮಾತು ಬಂತಲ್ಲ, ಅದರ ಬಗ್ಗೆ ನಾನು ಹೇಳಲೇಬೇಕು. 'ಡಿಸಿಪ್ಲಿನ್' ಆಲ್ಬಮ್. ಫ್ರಿಪ್ ಮತ್ತು ಏಡ್ರಿಯನ್ ಬೆಲೂ ಎರಡು ಗಿಟಾರ್, ಟೋನಿ ಲೆವಿನ್ ಬಾಸ್ ಮತ್ತು ಸ್ಟಿಕ್ (ಬೆರಳಿನಿಂದ ತಟ್ಟಿ ನುಡಿಸುವ ತಂತಿವಾದ್ಯ), ಬಿಲ್ ಬ್ರೂಫರ್ಡ್ ಡ್ರಮ್ಸ್. ಇಂಡೋನೇಷ್ಯಾದ ಗಮೆಲಾನ್ ವಾದ್ಯಮೇಳದ ಪ್ರಭಾವ ಅದರಲ್ಲಿ ಇದೆ. ಒಬ್ಬರ ಸ್ವರದ ಸಂದಿಯಲ್ಲಿ ಇನ್ನೊಬ್ಬರ ಸ್ವರ ಕೂರುತ್ತದೆ.

ಅದರಲ್ಲಿ 'ಫ್ರೇಮ್ ಬೈ ಫ್ರೇಮ್' ಎಂಬ ಹಾಡಿದೆ. ಇಬ್ಬರೂ ಒಂದೇ ಓಟದ ಸ್ವರಗಳನ್ನು ಏಳರ ಲೆಕ್ಕದಲ್ಲಿ ಶುರು ಮಾಡುತ್ತಾರೆ. ಎರಡು ಏಳು ಸೇರಿ 14. ಆಮೇಲೆ ಒಬ್ಬರು ಒಂದು ಸ್ವರ ಬಿಟ್ಟು 13ರ ಸುತ್ತು ಹಿಡಿಯುತ್ತಾರೆ. ಒಂದೇ ದಾರಿಯಲ್ಲಿ ನಡೆಯುವ ಇಬ್ಬರಲ್ಲಿ ಒಬ್ಬನ ಹೆಜ್ಜೆ ಸ್ವಲ್ಪ ಗಿಡ್ಡ ಇದ್ದ ಹಾಗೆ, ಪ್ರತಿ ಸುತ್ತಿಗೂ ಇಬ್ಬರ ನಡುವೆ ಒಂದೊಂದು ಸ್ವರದ ಅಂತರ ಜಾಸ್ತಿಯಾಗುತ್ತದೆ. ನಾನು ಕೈಯಲ್ಲಿ ಏಳು ಮಾತ್ರೆಯ ರೂಪಕ ತಾಳ ಹಾಕುತ್ತಾ ಕೇಳಿದೆ. ಏಳರವನ ಜೊತೆ ಸಮ್ (ತಾಳದ ಮೊದಲ ಮಾತ್ರೆ) ಸಿಗುತ್ತದೆ, ಹದಿಮೂರರವನು ಜಾರುತ್ತಾ ಹೋಗುತ್ತಾನೆ. ಇದನ್ನು ಎಣಿಸಿ ನುಡಿಸುವುದು ಬೇರೆ, ಎಣಿಕೆ ಮರೆತು ನುಡಿಸುವುದು ಬೇರೆ. ಅವರು ಮರೆತು ನುಡಿಸುತ್ತಾರೆ.

ನವನಗರ ಕೀಬೋರ್ಡ್
ಎಲ್ಲಾ ಸರಿ. ಆದರೆ ಇದು ಲೆಕ್ಕ ಆಯ್ತೇ ಹೊರತು ಮನಸ್ಸಿಗೆ ಏನು ಸಿಕ್ತು?

ಗದಗ ತಬಲಾ
ಒಂದೇ ತುಣುಕನ್ನು ಮೂರು ಸಲ ನುಡಿಸುವ ತಿಹಾಯಿ ಸಮಕ್ಕೆ ಬಂದು ಬಿದ್ದಾಗ ಸಭೆ "ವಾಹ್" ಅನ್ನುತ್ತದಲ್ಲ, ಅದೂ ಲೆಕ್ಕವೇ. ಲೆಕ್ಕ ಬಂತೆಂದು ಮನಸ್ಸು ಹೋಗಲ್ಲ.

ರಾಣೆಬೆನ್ನೂರು ಡ್ರಮ್ಸ್
ಬ್ರೂಫರ್ಡ್ ಹೆಸರು ಬಂದದ್ದಕ್ಕೆ ಒಂದು ಸಂಗತಿ ಹೇಳ್ತೀನಿ. 1973ರ ನವೆಂಬರ್‌ನಲ್ಲಿ ಆಮ್‌ಸ್ಟರ್‌ಡಾಮ್ ಕಚೇರಿಯಲ್ಲಿ ಅವರು ವೇದಿಕೆಯ ಮೇಲೇ ಒಂದು ಹೊಸ ಸಂಗೀತ ಹುಟ್ಟಿಸಿದರು. ವಯಲಿನ್, ಬಾಸ್, ಮೆಲೊಟ್ರಾನ್ (ಟೇಪಿನಲ್ಲಿ ಹಿಡಿದ ಸದ್ದು ನುಡಿಸುವ ಕೀಬೋರ್ಡ್) ಅಷ್ಟೇ. ಅದಕ್ಕೆ 'ಟ್ರಿಯೊ' ಎಂದು ಹೆಸರು. ಬ್ರೂಫರ್ಡ್ ಕೋಲುಗಳನ್ನು ಎದೆಗೆ ಅಡ್ಡ ಹಿಡಿದು ಸುಮ್ಮನೆ ಕುಳಿತರು. ಒಂದು ಪೆಟ್ಟೂ ಹಾಕಲಿಲ್ಲ. ಆಲ್ಬಮ್ ಬಂದಾಗ ಅವರ ಹೆಸರನ್ನೂ ರಚನೆಕಾರರ ಸಾಲಿನಲ್ಲಿ ಹಾಕಿದರು, ನುಡಿಸದೇ ಇದ್ದದ್ದಕ್ಕಾಗಿ. ನಾನು ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತೇನೆ. ಅಲ್ಲಿ ಒಂದು ಕ್ಷಣ ಕೈ ನಿಂತರೂ ಸಂಘಟಕರು ತಿರುಗಿ ನೋಡುತ್ತಾರೆ. ನುಡಿಸದೇ ಇರುವುದಕ್ಕೂ ಸಂಗೀತದಲ್ಲಿ ಪಾಲಿದೆ ಎಂದು ಒಂದು ಬ್ಯಾಂಡ್ ಒಪ್ಪಿಕೊಂಡಿತಲ್ಲ, ಅದು ನನಗೆ ಬಹಳ ದೊಡ್ಡದು.

ಹಾವೇರಿ ಕೇಳುಗ
'ಸ್ಟಾರ್‌ಲೆಸ್' ಕೇಳಿದೆ. ಬಸ್ಸಿನಲ್ಲಿ ಕೇಳಬಾರದಿತ್ತು. ರಾತ್ರಿ ಮನೆಯಲ್ಲಿ ಮತ್ತೆ ಕೇಳ್ತೀನಿ.

ಉಣಕಲ್ ಗಿಟಾರ್
ಎಲ್ಲರ ಮಾತೂ ಚೆನ್ನಾಗಿದೆ. ಆದರೆ ಬ್ಯಾಂಡ್ ನಿಲ್ಲಿಸಿದ್ದರ ಬಗ್ಗೆ ಯಾರೂ ಹೇಳಲಿಲ್ಲ.

ಸಪ್ತಾಪುರ ಕ್ಯಾಸೆಟ್
ಅದಕ್ಕೇ ಬರುತ್ತೇನೆ. ಮೊದಲ ಸಲ ಬ್ಯಾಂಡ್ ಒಡೆದವನು ಫ್ರಿಪ್ ಅಲ್ಲವೇ ಅಲ್ಲ. 1969ರ ಜನವರಿ 13ರಂದು ಲಂಡನ್ನಿನ ಒಂದು ಕೆಫೆಯ ನೆಲಮಾಳಿಗೆಯಲ್ಲಿ ಅವರ ಮೊದಲ ತಾಲೀಮು. ಜುಲೈ 5ಕ್ಕೆ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ಕಾರ್ಯಕ್ರಮಕ್ಕೆ ಮೊದಲು ಇವರು ನುಡಿಸಿದರು, ಎದುರಿಗೆ ಲಕ್ಷಗಟ್ಟಲೆ ಮಂದಿ. ಅಕ್ಟೋಬರ್‌ಗೆ ಮೊದಲ ಆಲ್ಬಮ್ ಬಂತು. ಆ ಬಾಯಿ ತೆರೆದ ಕೆಂಪು ಮುಖದ ಹೊದಿಕೆ ಎಲ್ಲರೂ ನೋಡಿರುತ್ತೀರಿ. ಅದನ್ನು ಬರೆದ ಬ್ಯಾರಿ ಗಾಡ್ಬರ್ ಮರುವರ್ಷವೇ ತೀರಿಕೊಂಡ, ಚಿಕ್ಕ ವಯಸ್ಸು. 1969ರ ಡಿಸೆಂಬರ್‌ನಲ್ಲೇ ಅಮೆರಿಕಾ ಪ್ರವಾಸದ ಕೊನೆಗೆ ಬ್ಯಾಂಡಿನ ಇಯಾನ್ ಮೆಕ್‌ಡೊನಾಲ್ಡ್ ಮತ್ತು ಮೈಕೆಲ್ ಜೈಲ್ಸ್ ಬಿಡುತ್ತೇವೆ ಎಂದರು. ಆಗ ಫ್ರಿಪ್ ಏನಂದ ಗೊತ್ತಾ? ಬೇಕಾದರೆ ನಾನೇ ಬಿಡುತ್ತೇನೆ, ನೀವು ಬ್ಯಾಂಡ್ ನಡೆಸಿ ಎಂದ. ಇಂಥವನನ್ನು ಬರೀ ಹಟಮಾರಿ ಎನ್ನುವುದು ಹೇಗೆ?

1974ರದು ಬೇರೆ. ಆಗ ಅವನೇ ನಿಲ್ಲಿಸಿದ. ಆಮೇಲೆ ಹಿರಿಯ ಗುರು ಜೆ.ಜಿ. ಬೆನೆಟ್ ಸ್ಥಾಪಿಸಿದ್ದ ಶೆರ್‌ಬೋರ್ನಿನ ಶಾಲೆಗೆ ಹೋಗಿ ಇದ್ದುಬಿಟ್ಟ. ಅಲ್ಲಿ ಎಲ್ಲರ ಹಾಗೆ ಮನೆಗೆಲಸ, ಮೈಕೆಲಸ, ಧ್ಯಾನ. ಹೆಸರು, ದುಡ್ಡು ಎರಡೂ ಕೈಗೆ ಬರುವ ಹೊತ್ತಿನಲ್ಲಿ ಅದನ್ನು ಬಿಟ್ಟು ಹೋಗಲು ಎಷ್ಟು ಮಂದಿಗೆ ಆಗುತ್ತದೆ?

ನವನಗರ ಕೀಬೋರ್ಡ್
ಅಲ್ರೀ, ಅವನಿಗೆ ಬಿಟ್ಟು ಹೋಗೋಕೆ ಆಯ್ತು. ಜೊತೆಗೆ ಇದ್ದ ಜಾನ್ ವೆಟನ್, ಬ್ರೂಫರ್ಡ್ ಅವರ ಗತಿ? ಅವರೂ ಜೀವ ತೇದು ಆ ಆಲ್ಬಮ್ ಮಾಡಿದ್ದರು. ಒಬ್ಬನಿಗೆ ಮನಸ್ಸಿಗೆ ಬಂತೆಂದು ಎಲ್ಲರ ಅನ್ನ ನಿಲ್ಲಿಸುವುದು ನನಗೆ ಒಪ್ಪಿಗೆ ಇಲ್ಲ. ನಾನೂ ಇಂಥ ಒಂದು ಬ್ಯಾಂಡಿನಲ್ಲಿ ಇದ್ದೆ. ಮುಖ್ಯ ಗಾಯಕ ಒಂದು ಮಾತೂ ಹೇಳದೆ ಬೆಂಗಳೂರಿಗೆ ಹೋದ. ಮುಂಗಡ ತೆಗೆದುಕೊಂಡ ಕಡೆ ನಾವು ಹೋಗಿ ಕೈಮುಗಿಯಬೇಕಾಯಿತು. ಹಾಗಾಗಿ ತಮ್ಮಾ, ನಿಲ್ಲಿಸುವುದಾದರೆ ನಾಲ್ವರೂ ಎದುರು ಬದುರು ಕೂತು ಮಾತಾಡಿ ನಿಲ್ಲಿಸಿ. ಹಿಡಿದ ಕಾರ್ಯಕ್ರಮ ಮುಗಿಸಿಕೊಟ್ಟು ನಿಲ್ಲಿಸಿ.

ಕೇಶ್ವಾಪುರ ವಯಲಿನ್
ಇದು ಸರಿಯಾದ ಮಾತು. ಬ್ರೂಫರ್ಡ್ ಮಾತ್ರ 1981ರಲ್ಲಿ ಫ್ರಿಪ್ ಕರೆದಾಗ ಮತ್ತೆ ಬಂದರು, ಅದನ್ನೂ ನೆನಪಿಡಿ.

ಗೋಕುಲ ರೋಡ್ ಸೌಂಡ್
ನಾನು ಸೌಂಡ್ ಸಿಸ್ಟಮ್ ಬಾಡಿಗೆ ಕೊಡುವವನು. ನನಗೆ ಫ್ರಿಪ್ ಅಂದರೆ ಗಾಯಕ ಡೇವಿಡ್ ಬೋವಿಯ 'ಹೀರೋಸ್' ಹಾಡು. 1977, ಬರ್ಲಿನ್, ಹಾನ್ಸಾ ಸ್ಟುಡಿಯೋ, ಬರ್ಲಿನ್ ಗೋಡೆಯ ಪಕ್ಕದಲ್ಲೇ. ಆ ಹಾಡಿನ ಉದ್ದಕ್ಕೂ ಮೇಲೆ ತೇಲುವ ಸ್ವರ ಗಿಟಾರಿನದು ಎಂದು ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

ನಮ್ಮ ಕೆಲಸದಲ್ಲಿ ಫೀಡ್‌ಬ್ಯಾಕ್ ಅಂದರೆ ಶತ್ರು. ಮೈಕು "ಕುಂಯ್" ಎಂದು ಕೂಗಿದರೆ ಇಡೀ ಪೆಂಡಾಲು ನಮ್ಮನ್ನೇ ನೋಡುತ್ತದೆ. ಫ್ರಿಪ್ ಅದನ್ನೇ ಸ್ವರ ಮಾಡಿಕೊಂಡ. ಆ್ಯಂಪ್ ಜೋರಾಗಿ ಇಟ್ಟು, ಯಾವ ಸ್ವರ ಎಷ್ಟು ದೂರದಲ್ಲಿ ನಿಂತರೆ ತಾನಾಗಿ ಹಿಡಿದುಕೊಂಡು ಕೂಗುತ್ತದೆ ಎಂದು ಹುಡುಕಿ ನೆಲದ ಮೇಲೆ ಟೇಪಿನಿಂದ ಗುರುತು ಹಾಕಿಕೊಂಡ. ಹಾಡು ಓಡುತ್ತಿದ್ದ ಹಾಗೆ ಒಂದು ಗುರುತಿನಿಂದ ಇನ್ನೊಂದಕ್ಕೆ ಹೆಜ್ಜೆ ಇಡುತ್ತಾ ನುಡಿಸಿದ. ಅತ್ತ ಸಂಗೀತಗಾರ ಬ್ರಯನ್ ಈನೊ ಆ ಸದ್ದನ್ನು ತನ್ನ ಸಿಂಥಸೈಸರಿನೊಳಗೆ ಹಾಯಿಸಿ ಬಣ್ಣ ಬದಲಿಸುತ್ತಿದ್ದ. ಮೂರು ಸಲ ನುಡಿಸಿದ್ದನ್ನು ನಿರ್ಮಾಪಕ ಟೋನಿ ವಿಸ್ಕೊಂಟಿ ಮೂರನ್ನೂ ಒಟ್ಟಿಗೆ ಕೂಡಿಸಿಬಿಟ್ಟರು. ಅದಕ್ಕೇ ಆ ಸ್ವರ ಅಷ್ಟು ಅಗಲ ಕೇಳಿಸುತ್ತದೆ. ಖಾಲಿ ಹಾಲ್ ಸಿಕ್ಕಾಗ ನಾನೂ ಒಬ್ಬ ಗಿಟಾರ್ ಹುಡುಗನನ್ನು ನಿಲ್ಲಿಸಿ ನೋಡಿದ್ದೇನೆ. ಒಂದು ಹೆಜ್ಜೆ ಹಿಂದೆ ಸರಿದರೆ ಸ್ವರವೇ ಬದಲಾಗುತ್ತದೆ.

ಹಾವೇರಿ ಕೇಳುಗ
ಈನೊ ಜೊತೆ ಟೇಪ್ ಮಷಿನ್ ಇಟ್ಟುಕೊಂಡು ಏನೋ ಮಾಡಿದ್ದರಂತಲ್ಲ?

ಗೋಕುಲ ರೋಡ್ ಸೌಂಡ್
ಹೌದು. ಎರಡು ರೆವಾಕ್ಸ್ ರೀಲ್ ಮಷಿನ್ ಪಕ್ಕಪಕ್ಕ, ನಡುವೆ ಕೆಲವು ಅಡಿ ಜಾಗ. ಒಂದೇ ಟೇಪು ಎರಡರಲ್ಲೂ ಹಾಯುತ್ತದೆ. ಮೊದಲನೆಯದು ರೆಕಾರ್ಡ್ ಮಾಡುತ್ತದೆ, ಎರಡನೆಯದು ಕೆಲವು ಸೆಕೆಂಡ್ ಆದ ಮೇಲೆ ಅದನ್ನೇ ನುಡಿಸುತ್ತದೆ. ಆ ಸದ್ದು ಮತ್ತೆ ಮೊದಲನೆಯದಕ್ಕೆ ಹೋಗುತ್ತದೆ. ಹೀಗೆ ಒಂದರ ಮೇಲೊಂದು ಪದರ ಕೂಡುತ್ತದೆ, ಹಳೆಯದು ಮೆಲ್ಲಗೆ ಮಸುಕಾಗುತ್ತದೆ. 1973ರ 'ನೋ ಪುಸಿಫುಟಿಂಗ್' ಆಲ್ಬಮ್ ಹೀಗೇ ಆದದ್ದು. ಈಗ ಹುಡುಗರು ಕಾಲಿನಲ್ಲಿ ಒತ್ತುವ ಲೂಪ್ ಪೆಡಲ್ ಇದೆಯಲ್ಲ, ಅದರ ಕೆಲಸವನ್ನು ಆಗ ಎರಡು ದೊಡ್ಡ ಮಷಿನ್ ಮಾಡುತ್ತಿದ್ದವು.

ಸಪ್ತಾಪುರ ಕ್ಯಾಸೆಟ್
ಇಲ್ಲೇ ನಿನಗೆ ಉತ್ತರ ಇದೆ, ಉಣಕಲ್ ತಮ್ಮಾ. 1979ರಲ್ಲಿ ಫ್ರಿಪ್ ಆ ಎರಡು ಮಷಿನ್ ಕಟ್ಟಿಕೊಂಡು ಒಬ್ಬನೇ ಊರೂರು ತಿರುಗಿದ. ದೊಡ್ಡ ಹಾಲ್‌ಗಳಲ್ಲ. ರೆಕಾರ್ಡ್ ಅಂಗಡಿ, ಊಟದ ಹೋಟೆಲು, ಕಂಪನಿಯ ಕ್ಯಾಂಟೀನು. ಲಕ್ಷ ಮಂದಿ ಎದುರು ನುಡಿಸಿದವನು ಅಂಗಡಿಯ ಕಪಾಟುಗಳ ನಡುವೆ ಕುಳಿತು ಬೆರಳೆಣಿಕೆಯ ಮಂದಿಗೆ ನುಡಿಸಿದ. ಸಣ್ಣದಾಗಿ ಇದ್ದರೆ ಯಾರ ಮಾತೂ ಕೇಳಬೇಕಿಲ್ಲ. ಖರ್ಚು ಕಡಿಮೆ. ಬೇಕಾದ್ದು ನುಡಿಸಬಹುದು.

ನಮ್ಮ ಧಾರವಾಡಕ್ಕೆ ಇದು ಹೊಸದೇ? ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ಬೈಠಕ್ ಮಾಡಿದ ಊರು ಇದು. ನೀನು ಸಿನಿಮಾ ಹಾಡು ಹಾಕಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳುವುದು ದೊಡ್ಡ ವೇದಿಕೆ ಬೇಕು ಎಂದುಕೊಂಡದ್ದಕ್ಕೆ. ಪೆಂಡಾಲಿಗೆ ಬಂದವರು ಹಬ್ಬಕ್ಕೆ ಬಂದಿರುತ್ತಾರೆ, ಅವರಿಗೆ ಹಾಡು ಕೊಡು. ನಿನ್ನ ಸಂಗೀತಕ್ಕೆ ಬೇರೆ ಜಾಗ ಹುಡುಕು.

ನವನಗರ ಕೀಬೋರ್ಡ್
ಇದಕ್ಕೆ ನನ್ನದೂ ಒಪ್ಪಿಗೆ ಇದೆ. ನಾನು ಮೊದಲು ಹೇಳಿದ್ದೂ ಪೆಂಡಾಲಿನ ಬಗ್ಗೆಯೇ.

ಗದಗ ತಬಲಾ
ಗುರುಪರಂಪರೆಯ ಮಾತೂ ಹೇಳಬೇಕು. 1985ರಿಂದ ಫ್ರಿಪ್ 'ಗಿಟಾರ್ ಕ್ರಾಫ್ಟ್' ಎಂಬ ಶಿಬಿರ ನಡೆಸಿದರು. ಶುರುವಾದದ್ದು ಅಮೆರಿಕಾದ ವೆಸ್ಟ್ ವರ್ಜೀನಿಯಾದಲ್ಲಿ. ಎಲ್ಲರೂ ಒಟ್ಟಿಗೆ ಇರಬೇಕು, ಒಟ್ಟಿಗೆ ಉಣ್ಣಬೇಕು. ಕೂರುವ ರೀತಿ, ಬಲಗೈ ಪಿಕ್ ಹಿಡಿಯುವ ರೀತಿ ಮೊದಲಿನಿಂದ ಕಲಿಯಬೇಕು. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದ ರೀತಿ ಗೊತ್ತಿದ್ದವರಿಗೆ ಇದು ಬೇಗ ಅರ್ಥ ಆಗುತ್ತದೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕೊಟ್ಟರು. ಅದರ ಎತ್ತರ ಬೇರೆಯೇ. ಆದರೆ ಸಂಗೀತ ಕಲಿಯಲು ಇರುವ ರೀತಿಯೂ ಕಲಿಯಬೇಕು ಎಂಬುದು ಎರಡೂ ಕಡೆ ಇದೆ.

ಉಣಕಲ್ ಗಿಟಾರ್
ಆ ಶಿಬಿರದ ಟ್ಯೂನಿಂಗ್ ಬೇರೆ ಅಲ್ವಾ? ನಾನು ಹಾಕಲು ಹೋಗಿ ತಂತಿ ಕಡಿದುಹೋಯಿತು.

ಕೇಶ್ವಾಪುರ ವಯಲಿನ್
ಕಡಿಯಲೇಬೇಕು, ಮಾಮೂಲಿ ಸೆಟ್ಟಿನಲ್ಲಿ ಅದು ಆಗಲ್ಲ. ದಪ್ಪ ತಂತಿಯಿಂದ ಸಿ, ಜಿ, ಡಿ, ಎ, ಇ, ಜಿ. ಮೊದಲ ಐದು ನಮ್ಮ ವಯಲಿನ್, ಚೆಲ್ಲೊ ಹಾಗೆ ಪಂಚಮದ ಅಂತರ. ಡಿ ಒಂದು ಹಾಗೇ ಇರುತ್ತದೆ. ಎರಡನೇ ತಂತಿ ಬಿ ಯಿಂದ ಇ ಗೆ ಏರಬೇಕು, ಐದು ಮನೆ. ಅದೇ ತಂತಿ ತಿರುಗಿಸಿದರೆ ಕಡಿಯುತ್ತದೆ. ಆ ಜಾಗಕ್ಕೆ ಮೊದಲನೇ ತಂತಿಯ ದಪ್ಪದ್ದನ್ನು ಹಾಕಿ. ಮೊದಲನೆಯದು ಮೂರು ಮನೆ ಏರುತ್ತದೆ, ಅಲ್ಲಿಗೆ ಇನ್ನೂ ತೆಳುವಾದದ್ದು ಬೇಕು. ಕೆಳಗಿನ ಇ ನಾಲ್ಕು ಮನೆ ಇಳಿದು ಸಿ ಆಗುತ್ತದೆ, ಅಲ್ಲಿಗೆ ದಪ್ಪದ್ದು ಬೇಕು, ಇಲ್ಲದಿದ್ದರೆ ಜೋಲಾಡುತ್ತದೆ. ಬಿಡಿ ತಂತಿ ಕೊಳ್ಳಿ, ಸೆಟ್ ಬೇಡ.

ಮಾಳಮಡ್ಡಿ ಸಿತಾರ್
ಸಿ ಯನ್ನು ಷಡ್ಜ ಮಾಡಿಕೊಂಡರೆ ಸಾ ಪ ರೆ ಧ ಗ ಪ. ಖಾಲಿ ತಂತಿ ಮೀಟಿದರೇ ಭೂಪ್ ರಾಗ!

ಗದಗ ತಬಲಾ
ಅಲ್ರೀ, ಐದು ಸ್ವರ ಬಂದ ಮಾತ್ರಕ್ಕೆ ಭೂಪ್ ಹೇಗೆ ಆಗುತ್ತದೆ? ದೇಶಕಾರ ರಾಗಕ್ಕೂ ಅವೇ ಸ್ವರ.

ಮಾಳಮಡ್ಡಿ ಸಿತಾರ್
ಗೊತ್ತುರೀ. ಗಾಂಧಾರಕ್ಕೆ ಬಲ ಕೊಟ್ಟರೆ ಭೂಪ್, ಧೈವತಕ್ಕೆ ಕೊಟ್ಟರೆ ದೇಶಕಾರ. ನಾನು ಹೇಳಿದ್ದು ಸ್ವರಗಳ ಮಾತು. ಫ್ರಿಪ್ ರಾಗ ನುಡಿಸಿದರು ಎಂದು ಹೇಳುತ್ತಿಲ್ಲ, ದಯವಿಟ್ಟು ಯಾರೂ ಹಾಗೆ ಹಬ್ಬಿಸಬೇಡಿ. ಆದರೆ ತಂತಿ ಬದಲಿಸಿ ವಾದ್ಯದ ದಾರಿ ಬದಲಿಸುವುದು ಧಾರವಾಡಕ್ಕೆ ಪರಿಚಯದ ಕೆಲಸ. ಸಿತಾರ ರತ್ನ ರಹಿಮತ್ ಖಾನರು ಸಿತಾರಿಗೆ ಖರಜದ (ಮಂದ್ರ ಸ್ವರದ) ತಂತಿ ಸೇರಿಸಿದರು ಎಂದು ನಾವು ಕಲಿಯುವಾಗಲೇ ಕೇಳಿದ್ದೇವೆ. ಕೈಗೆ ರೂಢಿಯಾದದ್ದನ್ನು ಬಿಟ್ಟು, ಅರಳು ಮರಳಾದ ಬೆರಳುಗಳಿಂದ ಮತ್ತೆ ಸರಳೆ ಶುರು ಮಾಡುವುದು ಹೆಸರಾದವರಿಗೆ ಎಷ್ಟು ಕಷ್ಟ ಯೋಚಿಸಿ.

ಹಾವೇರಿ ಕೇಳುಗ
ಕುಳಿತೇ ನುಡಿಸ್ತಾರಲ್ಲ, ಅದು ಯಾಕೆ? ರಾಕ್ ಅಂದರೆ ಕುಣಿಯಬೇಕು ಅಂದುಕೊಂಡಿದ್ದೆ.

ರಾಣೆಬೆನ್ನೂರು ಡ್ರಮ್ಸ್
1969ರಿಂದಲೇ ಸ್ಟೂಲ್ ಮೇಲೆ. ನಿಂತು ನುಡಿಸಿದರೆ ತನ್ನ ಕೈ ಸರಿಯಾಗಿ ಕೆಲಸ ಮಾಡಲ್ಲ ಎಂದು. ಹಾಗೆ ಕೂತರೆ ಚೆನ್ನಾಗಿ ಕಾಣಲ್ಲ ಎಂದು ಬ್ಯಾಂಡಿನವರೇ ಹೇಳಿದ್ದರಂತೆ. ಕೇಳಲಿಲ್ಲ. ಕಿಂಗ್ ಕ್ರಿಮ್ಸನ್ನಿನ 'ಫ್ರ್ಯಾಕ್ಚರ್' ಎಂಬ ರಚನೆ ಕೇಳಿ, ಅಷ್ಟುದ್ದದ ಬಿಡುವಿಲ್ಲದ ಓಟವನ್ನು ನಿಂತು ಕುಣಿಯುತ್ತಾ ನುಡಿಸಲು ಆಗುತ್ತಾ ನೋಡಿ.

ಕೇಶ್ವಾಪುರ ವಯಲಿನ್
ಕಚೇರಿಯಲ್ಲಿ ಮೊಬೈಲ್ ಎತ್ತಬೇಡಿ ಎಂದೂ ಹೇಳುತ್ತಿದ್ದರು. ಕೊನೆಯ ವರ್ಷಗಳಲ್ಲಿ ಟೋನಿ ಲೆವಿನ್ ಕ್ಯಾಮೆರಾ ತೆಗೆದರೆ ಸಭಿಕರೂ ಫೋಟೋ ತೆಗೆಯಬಹುದು ಎಂದು ಸೂಚನೆ. ನಮ್ಮ ಸಭೆಗಳಲ್ಲೂ ಇದು ಬರಬೇಕು. ಆಲಾಪದ ನಡುವೆ ಎದುರಿಗೆ ಹತ್ತು ಪರದೆ ಬೆಳಗಿದರೆ ನುಡಿಸುವವರ ಮನಸ್ಸು ಚೂರಾಗುತ್ತದೆ.

ಸಪ್ತಾಪುರ ಕ್ಯಾಸೆಟ್
ಇನ್ನೊಂದು ಮುಖ್ಯ ಸಂಗತಿ ಬಿಟ್ಟೇ ಹೋಗಿತ್ತು. ಹಕ್ಕು. ಫ್ರಿಪ್ ತನ್ನ ಹಳೆಯ ಸಂಗೀತದ ದುಡ್ಡಿಗಾಗಿ ವರ್ಷಗಟ್ಟಲೆ ವ್ಯಾಜ್ಯ ಮಾಡಬೇಕಾಯಿತು. 1992ರಲ್ಲಿ ಡೇವಿಡ್ ಸಿಂಗಲ್ಟನ್ ಜೊತೆ ಡಿಜಿಎಂ ಎಂಬ ಸ್ವಂತ ಸಂಸ್ಥೆ ಕಟ್ಟಿದ. ಸಂಗೀತ ಮಾಡಿದವರ ಹತ್ತಿರವೇ ಅದರ ಹಕ್ಕು ಇರಬೇಕು ಎಂಬುದು ಅಲ್ಲಿನ ನಿಯಮ. ತಮ್ಮಾ, ನೀವು ನಾಲ್ವರೂ ಯಾವ ಟ್ಯೂನ್ ಯಾರದು, ಬಂದ ದುಡ್ಡು ಹೇಗೆ ಹಂಚಬೇಕು ಎಂದು ಈಗಲೇ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ. ಯಾರಾದರೂ ರೆಕಾರ್ಡ್ ಮಾಡಿಸಿಕೊಡುತ್ತೇವೆ ಎಂದು ಬಂದರೆ ಓದದೆ ಸಹಿ ಮಾಡಬೇಡಿ. ನನಗೆ ಗೊತ್ತಿರುವ ಒಬ್ಬ ಜಾನಪದ ಗಾಯಕರು ತಮ್ಮದೇ ಪದ ಹಾಡಲು ಬೇರೆಯವರ ಅಪ್ಪಣೆ ಕೇಳುವ ಹಾಗಾಯಿತು.

ನವನಗರ ಕೀಬೋರ್ಡ್
ಕಿಂಗ್ ಕ್ರಿಮ್ಸನ್ ಈಗಲೂ ಇದೆಯಾ?

ರಾಣೆಬೆನ್ನೂರು ಡ್ರಮ್ಸ್
2014ರಲ್ಲಿ ಮೂರು ಡ್ರಮ್ಸ್ ಸೆಟ್ಟನ್ನು ಮುಂದಿನ ಸಾಲಿನಲ್ಲಿ ಇಟ್ಟು ಮತ್ತೆ ಶುರು ಮಾಡಿದರು. 2021ರ ಡಿಸೆಂಬರ್ 8ರಂದು ಟೋಕಿಯೋದಲ್ಲಿ ಕೊನೆಯ ಕಾರ್ಯಕ್ರಮ. ಕೊನೆಗೆ ನುಡಿಸಿದ್ದು 'ಸ್ಟಾರ್‌ಲೆಸ್'.

ಉಣಕಲ್ ಗಿಟಾರ್
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ನಾಲ್ವರೂ ಕೂತು ಮಾತಾಡಿದೆವು. ಒಬ್ಬ ಬಿಡುತ್ತಾನೆ, ಜಗಳ ಇಲ್ಲದೆ. ಒಪ್ಪಿಕೊಂಡ ಕಾಲೇಜ್ ಗ್ಯಾದರಿಂಗ್‌ಗೆ ಅವನೂ ಬರುತ್ತಾನೆ. ಮೂವರು ಉಳಿದೆವು. ಸಣ್ಣ ಜಾಗದಲ್ಲಿ ನುಡಿಸಲು ತಯಾರಿದ್ದೇವೆ. ಧಾರವಾಡದಲ್ಲಿ ಎಲ್ಲಿ ಆಗಬಹುದು?

ಮಾಳಮಡ್ಡಿ ಸಿತಾರ್
ನಮ್ಮ ಮನೆಯ ಮಾಳಿಗೆಯ ಕೋಣೆ ಇದೆ. ಮೂವತ್ತು ಮಂದಿ ಕೂರಬಹುದು. ಮಳೆ ಜೋರಾದರೆ ತಗಡಿನ ಸದ್ದು ಬರುತ್ತದೆ, ಹಾಗಾಗಿ ದೀಪಾವಳಿ ಆದ ಮೇಲೆ ಇಟ್ಟುಕೊಳ್ಳೋಣ. ಭಾನುವಾರ ಸಂಜೆ. ಚಿಗರಿ ಬಸ್ಸಿಗೆ ಬಂದರೂ ಆಗುತ್ತದೆ.

ಗೋಕುಲ ರೋಡ್ ಸೌಂಡ್
ಎರಡು ಸಣ್ಣ ಸ್ಪೀಕರ್ ನಾನು ತರುತ್ತೇನೆ, ಬಾಡಿಗೆ ಬೇಡ. ಲೂಪ್ ಪೆಡಲ್‌ಗೆ ಬೇರೆ ಲೈನ್ ಬೇಕಾ ಹೇಳು.

ಉಣಕಲ್ ಗಿಟಾರ್
ಬೇಕು ಅಣ್ಣಾ. ಹೊಸ ಟ್ಯೂನಿಂಗ್‌ನಲ್ಲೇ ಎರಡು ರಚನೆ ನುಡಿಸ್ತೀನಿ. ಗದಗಿನವರು ತಬಲಾ ಹಿಡಿದು ಬರ್ತೀರಾ? ಒಂದರ ಲೆಕ್ಕ ಏಳರದ್ದು.

ಗದಗ ತಬಲಾ
ಬರ್ತೀನಿ. ನಿನ್ನ ದಪ್ಪ ತಂತಿ ಸಿ ಅಂದರೆ ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಬಿಳಿ ಒಂದು. ನನ್ನ ತಬಲಾ ಕಾಳಿ ಒಂದಕ್ಕೆ ಇದೆ, ಬಿಳಿ ಒಂದರದ್ದು ಗೆಳೆಯನ ಹತ್ತಿರ ತರಿಸುತ್ತೇನೆ. ಟ್ಯೂನ್ ರೆಕಾರ್ಡ್ ಮಾಡಿ ಮೊದಲೇ ಕಳಿಸು.